ಹುಡುಗ ತೂಕ ಇಳಿಸುವ ಮಾತ್ರೆ ತಂದಿದ್ದಾನೆ, ಕೋಚ್ ಆಗಿ ಏನು ಮಾಡಲಿ?

ಕೇಳಿದವರು, ದಾವಣಗೆರೆ: ನಮಸ್ಕಾರ. ಸಂಜೆ ಗರಡಿ ಮನೆಯಲ್ಲಿ ಹೈಸ್ಕೂಲ್ ಹುಡುಗರಿಗೆ ಕುಸ್ತಿ ಹೇಳಿಕೊಡುತ್ತೇನೆ. ಒಬ್ಬನಿಗೆ 15 ವರ್ಷ, ತೂಕ 50 ಕೆಜಿ. 48 ಕೆಜಿ ವಿಭಾಗದಲ್ಲೇ ಆಡಬೇಕು ಅಂತ ಹಟ. ಯಾರೋ ಸೀನಿಯರ್ ಪೈಲ್ವಾನ್ ನೀರಿಳಿಸುವ ಮಾತ್ರೆ ಕೊಟ್ಟಿದ್ದಾನಂತೆ. ನುಂಗುವ ಮೊದಲು ನನಗೆ ತಂದು ತೋರಿಸಿದ. ನೀವೆಲ್ಲ ಇಂಥದ್ದನ್ನು ಹೇಗೆ ನಿಭಾಯಿಸಿದ್ದೀರಿ?

ಹರಿಹರದ ಕುಸ್ತಿ ಕೋಚ್: ಅಣ್ಣಾ, ತಂದು ತೋರಿಸಿದನಲ್ಲ, ಅದೇ ದೊಡ್ಡದು. ದಯವಿಟ್ಟು ಬೈಯಬೇಡಿ, ಬೈದರೆ ಮುಂದಿನ ಸಲ ತೋರಿಸುವುದಿಲ್ಲ. ಸ್ಟ್ರಿಪ್ ಹಿಂದೆ ಫ್ಯೂರೋಸೆಮೈಡ್ (ಮೂತ್ರ ಹೆಚ್ಚಿಸಿ ಮೈಯ ನೀರಿಳಿಸುವ ಔಷಧಿ) ಅಂತ ಇದೆಯಾ ನೋಡಿ. ಇದ್ದರೆ ಅದು ವಾಡಾ, ಅಂದರೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಷೇಧ ಪಟ್ಟಿಯಲ್ಲಿದೆ. ಸ್ಪರ್ಧೆ ಇರಲಿ ಇಲ್ಲದಿರಲಿ, ಯಾವಾಗಲೂ ನಿಷೇಧ. ಬೇರೆ ಮದ್ದು ತೆಗೆದುಕೊಂಡಿದ್ದನ್ನು ಮೂತ್ರ ಪರೀಕ್ಷೆಯಲ್ಲಿ ಮುಚ್ಚಿಡಲು ಇದನ್ನು ಬಳಸುತ್ತಾರೆ, ಅದಕ್ಕೇ. ಮೈಯ ನೀರಿನ ಜೊತೆ ಪೊಟ್ಯಾಸಿಯಂ ಕೂಡ ಹೋಗುತ್ತದೆ. ನಮ್ಮ ಕಡೆ ಏಪ್ರಿಲ್ ಬಿಸಿಲಲ್ಲಿ ಕಾಲು ಹಿಡಿದುಕೊಳ್ಳಬಹುದು, ಎದೆಬಡಿತವೇ ಏರುಪೇರಾಗಬಹುದು.

ನಾನಾದರೆ ಅವನನ್ನು 51ಕ್ಕೆ ಹಾಕುತ್ತೇನೆ. ಬೆಳೆಯುವ ಹುಡುಗ, ಈ ವರ್ಷ ಸೋತರೆ ಸೋಲಲಿ. ಅಪ್ಪನನ್ನೂ ಕರೆಸಿ ಕೂರಿಸಿಕೊಂಡು ಮಾತಾಡಿ. ಎಷ್ಟೋ ಸಲ ಆ ಹಟ ಹುಡುಗನದ್ದಲ್ಲ, ಮನೆಯವರದ್ದು. ಊರ ಜಾತ್ರೆ ಕುಸ್ತಿಯಲ್ಲಿ ಯಾರೂ ಮೂತ್ರ ಪರೀಕ್ಷೆ ಮಾಡುವುದಿಲ್ಲ, ಅಲ್ಲೇ ಈ ಮಾತ್ರೆ ಚಟ ಶುರುವಾಗುವುದು. ಜಾತ್ರೆಗೂ ಬೇಡ ಅಂತ ಖಡಾಖಂಡಿತವಾಗಿ ಹೇಳಿಬಿಡಿ.

ಚಿತ್ರದುರ್ಗದ ಅಥ್ಲೆಟಿಕ್ಸ್ ಕೋಚ್: ಮಾತ್ರೆ ಒಂದೇ ಅಲ್ಲ ಸರ್, ಕೆಮ್ಮಿನ ಸಿರಪ್ಪನ್ನೂ ನೋಡಿ. ಕೆಲವದರಲ್ಲಿ ಟರ್ಬುಟಲಿನ್ ಅನ್ನುವ ಉಸಿರಾಟ ಸರಾಗ ಮಾಡುವ ಔಷಧಿ ಇರುತ್ತದೆ, ಅದೂ ಪಟ್ಟಿಯಲ್ಲಿದೆ. ನಮ್ಮ ಮಕ್ಕಳಿಗೆ ಒಂದು ಅಭ್ಯಾಸ ಮಾಡಿಸಿದ್ದೇನೆ. ಡಾಕ್ಟರ್ ಎದುರು ಕೂತ ತಕ್ಷಣ "ನಾನು ಸ್ಪರ್ಧೆಗೆ ಓಡುತ್ತೇನೆ" ಅಂತ ಮೊದಲು ಹೇಳಬೇಕು. ನಾಡಾದವರ (ನಮ್ಮ ದೇಶದ ಉದ್ದೀಪನ ಮದ್ದು ತಡೆ ಸಂಸ್ಥೆ) 'ನೋ ಯುವರ್ ಮೆಡಿಸಿನ್' ಆ್ಯಪ್‌ನಲ್ಲಿ ಔಷಧಿಯ ಹೆಸರು ಹಾಕಿ ನೋಡಬಹುದು.

"ಕೋಚ್ ಕೊಟ್ಟರು, ನುಂಗಿದೆ" ಅಂದರೆ ಯಾರೂ ಬಿಡುವುದಿಲ್ಲ. 2011ರಲ್ಲಿ ನಮ್ಮ ಉಡುಪಿ ಕಡೆಯ ಅಶ್ವಿನಿ ಅಕ್ಕುಂಜಿ ಮತ್ತು ಜೊತೆಯ ಓಟಗಾರ್ತಿಯರು ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಕೋಚ್ ಕೊಟ್ಟ ಜಿನ್ಸೆಂಗ್ ಅನ್ನುವ ಗಿಡಮೂಲಿಕೆಯಿಂದಲೇ ಹೀಗಾಯಿತು ಅಂದರು. ಕೋಚ್ ಕೆಲಸ ಹೋಯಿತು, ಆದರೆ ಇವರಿಗೂ ಎರಡು ವರ್ಷ ನಿಷೇಧ ತಪ್ಪಲಿಲ್ಲ. ಹಿಂದಿನ ವರ್ಷವಷ್ಟೇ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದಿದ್ದ ಹುಡುಗಿ. ನೆನೆಸಿಕೊಂಡರೆ ಈಗಲೂ ಸಂಕಟ ಆಗುತ್ತದೆ.

ಪಿ.ಟಿ. ಮೇಷ್ಟ್ರು, ಜಗಳೂರು: ಕೋಚ್‌ಗಳಿಗೂ ಒಂದು ಮಾತು. 16ರೊಳಗಿನ ಮಗು ಸಿಕ್ಕಿಬಿದ್ದರೆ ಅದರ ಕೋಚ್ ಮೇಲೆ ತನಿಖೆ ಆಗಲೇಬೇಕು ಅಂತ ವಾಡಾ ನಿಯಮವೇ ಇದೆ. ಅಂಥ ಮಗುವಿಗೆ ಸ್ಟಿರಾಯ್ಡ್ ಕೊಟ್ಟಿದ್ದು ಸಾಬೀತಾದರೆ ಕೋಚ್‌ಗೆ ಜೀವನಪೂರ್ತಿ ನಿಷೇಧ. ಸರಿಯಾಗಿಯೇ ಇದೆ ಅನ್ನುತ್ತೇನೆ ನಾನು.

ಪ್ರೋಟೀನ್ ಡಬ್ಬಿ ಯಾರಾದರೂ ತಂದರೆ ಬಿಲ್ ಮತ್ತು ಬ್ಯಾಚ್ ನಂಬರಿನ ಫೋಟೋ ತೆಗೆದಿಡಿ. ಬಿಡಿಯಾಗಿ ಕವರ್‌ನಲ್ಲಿ ಕಟ್ಟಿಕೊಟ್ಟ ಪುಡಿ ಮಾತ್ರ ಬೇಡವೇ ಬೇಡ. ಹಾಲು, ಮೊಟ್ಟೆ, ಶೇಂಗಾ ಸಾಕು ಈ ವಯಸ್ಸಿಗೆ. ಮತ್ತೆ ಆ ಸೀನಿಯರ್ ಪೈಲ್ವಾನನ್ನು ಸುಮ್ನೆ ಬಿಡಬೇಡಿ. ಅವನು ಇನ್ನೂ ಎಷ್ಟು ಹುಡುಗರಿಗೆ ಕೊಟ್ಟಿದ್ದಾನೆ ಅಂತ ಮೊದಲು ವಿಚಾರಿಸಿ.