ಟ್ರೇಲರ್‌ನ ‘ಟಂಗ್ ವೇಟ್’: ಮುಂಭಾರ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಹಳೆಯ ಟ್ರಾವೆಲ್ ಟ್ರೇಲರ್ ಒಂದನ್ನು ಮನೆಯವರೆಲ್ಲ ಸೇರಿ ಸರಿಮಾಡುತ್ತಿದ್ದೇವೆ. ಹಾಸಿಗೆ, ಒಲೆ, ನೀರಿನ ತೊಟ್ಟಿ ಎಲ್ಲ ಒಳಗೇ ಇರುವ ಗಾಡಿ ಅದು. ಮಾಡಿದ ಕೆಲಸವನ್ನು ಕನ್ನಡದಲ್ಲೇ ಬರೆದಿಡುತ್ತಿದ್ದೇನೆ. ಮುಂದೆ ಯಾರಾದರೂ ಇದಕ್ಕೆ ಕೈ ಹಾಕಿದರೆ ಓದಿಕೊಂಡು ಮಾಡುವಂತಿರಬೇಕು ಅಂತ ಆಸೆ. ಕೆಲವು ಪದಗಳ ಬಗ್ಗೆ ನಿಮ್ಮ ಸಲಹೆ ಬೇಕು.

ಮುಖ್ಯವಾಗಿ ಟಂಗ್ ವೇಟ್. ಟ್ರೇಲರ್‌ನಿಂದ ಮುಂದಕ್ಕೆ ಚಾಚಿದ ತೊಲೆ ಕಾರಿನ ಕೊಂಡಿಯ ಮೇಲೆ ಎಷ್ಟು ಭಾರ ಊರುತ್ತದೆ ಅನ್ನುವುದಕ್ಕೆ ಈ ಹೆಸರು. ಅಮೆರಿಕದವರು ಅದನ್ನು ನಾಲಗೆ ಅಂದರು, ಬ್ರಿಟನ್ನಿನವರು ಮೂಗು ಅಂದರು. ನಾನೂ ಮೊದಲು ‘ನಾಲಗೆ ಭಾರ’ ಎಂದೇ ಬರೆದಿದ್ದೆ. ಅದನ್ನು ಓದಿದರೆ ಮಾತು ತೊದಲುವುದು ನೆನಪಾಗುತ್ತದೆಯೇ ಹೊರತು ಗಾಡಿ ಅಲ್ಲ.

ಸಾಮಾನು ತುಂಬಿ ಮೊದಲ ಸಲ ರಸ್ತೆಗೆ ಇಳಿಸಿದಾಗ ಟ್ರೇಲರ್ ಅತ್ತಿತ್ತ ಓಲಾಡಿತು. ನಿಜಕ್ಕೂ ಭಯವಾಯಿತು. ನೀರಿನ ಕ್ಯಾನು, ಹತಾರದ ಪೆಟ್ಟಿಗೆ ಎಲ್ಲವನ್ನೂ ಹಿಂದುಗಡೆ ಇಟ್ಟಿದ್ದೆವು. ಅಪ್ಪನಿಗೆ ಹೇಳಿದೆ. ಅವರು ಎಂದೂ ಟ್ರೇಲರ್ ಎಳೆದವರಲ್ಲ, ಎತ್ತಿನ ಗಾಡಿ ಹೊಡೆದವರು. ‘ಹಿಂಭಾರ ಆಗಿದೆ ಕಣೋ, ಒಂದಷ್ಟು ಮುಂದಕ್ಕೆ ಹಾಕು’ ಅಂದರು. ಹಾಗೇ ಮಾಡಿದೆವು. ಓಲಾಟ ನಿಂತಿತು.

ಎತ್ತಿನ ಗಾಡಿ ಹಿಂಭಾರವಾದರೆ ನೊಗ ಮೇಲೇಳುತ್ತದೆ, ಕೊರಳ ಹಗ್ಗ ಬಿಗಿಯುತ್ತದೆ. ಮುಂಭಾರ ಜಾಸ್ತಿಯಾದರೆ ಎತ್ತಿನ ಹೆಗಲು ಜಗ್ಗುತ್ತದೆ. ಟ್ರೇಲರ್‌ನಲ್ಲೂ ಅದೇ ಲೆಕ್ಕ. ಮುಂದೆ ಭಾರ ಸಾಲದಿದ್ದರೆ ಓಲಾಟ. ಮಿತಿ ಮೀರಿದರೆ ಕಾರಿನ ಹಿಂಭಾಗ ಕುಸಿದು ಮುಂದಿನ ಚಕ್ರಗಳ ಹಿಡಿತ ಕಡಿಮೆಯಾಗುತ್ತದೆ. ಅಮೆರಿಕದ ಟ್ರೇಲರ್‌ಗಳಿಗೆ ಸಾಮಾನ್ಯವಾಗಿ ಹೇಳುವುದು, ತುಂಬಿದ ಗಾಡಿಯ ತೂಕದಲ್ಲಿ ಶೇಕಡಾ 10ರಿಂದ 15ರಷ್ಟು ಕೊಂಡಿಯ ಮೇಲಿರಬೇಕು ಅಂತ. 1,500 ಕಿಲೋ ಗಾಡಿಗೆ 150ರಿಂದ 225 ಕಿಲೋ.

ನನ್ನ ಅನುಮಾನ ಇಲ್ಲಿದೆ. ಎತ್ತಿನ ಗಾಡಿಯವರ ಬಾಯಲ್ಲಿ ‘ಮುಂಭಾರ’ ಅಂದರೆ ಒಂದು ಸ್ಥಿತಿ, ಅಳತೆಯಲ್ಲ. ‘ಗಾಡಿ ಮುಂಭಾರ ಆಯ್ತು’ ಅನ್ನುತ್ತಾರೆ. ‘ಮುಂಭಾರ 180 ಕಿಲೋ ಇರಲಿ’ ಅಂತ ಬರೆದರೆ ಒಪ್ಪುತ್ತದೆಯೇ? ಅಥವಾ ಎತ್ತಿನ ಗಾಡಿಯ ಮೂಕಿಯನ್ನು, ಅಂದರೆ ನೊಗ ಕಟ್ಟಲು ಮುಂದಕ್ಕೆ ಚಾಚಿದ ಮರವನ್ನು, ಹಿಡಿದು ‘ಮೂಕಿಭಾರ’ ಎಂದರೆ ಇನ್ನೂ ಖಚಿತವೇ? ನನ್ನ ಒಲವು ಮುಂಭಾರದ ಕಡೆಗೆ. ಕೇಳಿದ ತಕ್ಷಣ ಅರ್ಥವಾಗುತ್ತದೆ, ಅಲ್ವಾ?

ಆಕ್ಸಲ್‌ಗೆ ಅಚ್ಚು ಇದೆ, ಇರುಸು ಇದೆ. ಎರಡು ಆಕ್ಸಲ್‌ನದಕ್ಕೆ ಜೋಡಿ ಅಚ್ಚಿನ ಗಾಡಿ ಎಂದು ಬರೆದೆ, ತೊಂದರೆಯಾಗಲಿಲ್ಲ. ಗ್ರೇ ವಾಟರ್‌ಗೆ ‘ಬೂದು ನೀರು’ ಅನ್ನುವುದನ್ನು ಮಾತ್ರ ದಯವಿಟ್ಟು ಬಿಡೋಣ. ಕೈ ತೊಳೆದ, ಮಿಂದ, ಪಾತ್ರೆ ಬೆಳಗಿದ ನೀರಿಗೆ ‘ಬಚ್ಚಲ ನೀರು’ ಇದ್ದೇ ಇದೆ. ಕಕ್ಕಸಿನ ತೊಟ್ಟಿ ಬೇರೆ.

ಹೆಚ್ಚು ಹೊತ್ತು ಕೂತು ಬರೆದದ್ದು ನೀರು ಒಳಗೆ ಬರುವುದರ ಬಗ್ಗೆ. ನಮ್ಮ ಗಾಡಿಗೆ ಹೊರಗೆ ಅಲ್ಯೂಮಿನಿಯಂ ತಗಡು, ಒಳಗೆ ತೆಳ್ಳನೆಯ ಪ್ಲೈವುಡ್, ನಡುವೆ ಮರದ ಚೌಕಟ್ಟು. ಚಾವಣಿಯ ಅಂಚು, ಕಿಟಕಿಯ ಸುತ್ತ, ಗಾಳಿಕಿಂಡಿಯ ಬುಡ, ಇಲ್ಲೆಲ್ಲ ಸಂದು ಮುಚ್ಚಲು ಹಾಕಿದ್ದ ಹಳೆಯ ಸೀಲಂಟ್ ಒಣಗಿ ಬಿರಿದಿತ್ತು. ಎಲ್ಲವನ್ನೂ ‘ಲೀಕ್’ ಎಂದು ಬರೆದರೆ ಸಾಲದು. ಸೋರಿದರೆ ಕಣ್ಣಿಗೆ ಕಾಣುತ್ತದೆ, ಕೆಳಗೆ ಪಾತ್ರೆ ಇಡುತ್ತೇವೆ. ಜಿನುಗಿದರೆ ಗೊತ್ತೇ ಆಗುವುದಿಲ್ಲ. ಮರ ವರ್ಷಗಟ್ಟಲೆ ಪಸೆ ಕುಡಿಯುತ್ತಾ ಇರುತ್ತದೆ. ಒಂದು ದಿನ ಗೋಡೆಗೆ ಬೆರಳು ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತದೆ. ಹಾಗಾಗಿ ‘ಜಿನುಗು ಎಲ್ಲಿದೆ ಎಂದು ಹುಡುಕಿ’ ಎಂದೇ ಬರೆದೆ. ಅಂಥ ಮರಕ್ಕೆ ‘ಕೊಳೆತ’ ಅನ್ನುವುದಕ್ಕಿಂತ ‘ಲಡ್ಡಾದ’ ಸರಿ ಅನ್ನಿಸಿತು. ಹಣ್ಣು ಕೊಳೆಯುತ್ತದೆ, ಮರ ಲಡ್ಡಾಗುತ್ತದೆ. ‘ಕುಂಬು’ ಅನ್ನುವವರೂ ಇದ್ದಾರೆ. ಎರಡರಲ್ಲಿ ಹೆಚ್ಚು ಜನಕ್ಕೆ ತಿಳಿಯುವುದು ಯಾವುದು?

ಇನ್ನು ಸಂದು ಮುಚ್ಚುವ ಸಾಮಾನು. ಬ್ಯುಟೈಲ್ ಟೇಪ್ ಪೂರ್ತಿ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುತ್ತದೆ. ಅದಕ್ಕೆ ‘ಮೇಣದ ಪಟ್ಟಿ’ ಎಂದೆ. ಹಲಸಿನ ಮೇಣ ಕೈಗೆ ಹತ್ತಿಸಿಕೊಂಡವರಿಗೆ ವಿವರಣೆ ಬೇಡ. ಚಾವಣಿಗೆ ಹಾಕುವ ಸೀಲಂಟ್‌ನಲ್ಲಿ ಒಂದು ಬಗೆ, ಸುರಿದರೆ ತಾನೇ ಹರಡಿ ಸಮನಾಗುತ್ತದೆ. ಅದನ್ನೇ ಗೋಡೆಗೆ ಹಾಕಿದರೆ ಕೆಳಗೆ ಇಳಿದುಬಿಡುತ್ತದೆ. ಮೊದಲನೆಯದಕ್ಕೆ ‘ಸುರಿಮೇಣ’, ಗೋಡೆಯಲ್ಲಿ ನಿಲ್ಲುವ ಮಂದನೆಯದಕ್ಕೆ ‘ಮೆತ್ತುಮೇಣ’ ಎಂದು ನಾನೇ ಕಟ್ಟಿದ್ದೇನೆ. ಹೆಸರಲ್ಲೇ ಕೆಲಸ ಗೊತ್ತಾದರೆ ತಪ್ಪು ಡಬ್ಬಿ ಕೈಗೆ ಬರುವುದಿಲ್ಲ. ಕಿವಿಗೆ ಹೇಗಿವೆ, ಹೇಳಿ.

ಕ್ಯಾಂಪಿಂಗ್‌ಗೆ ‘ಬೀಡು ಬಿಡುವುದು’ ನನಗೆ ತುಂಬಾ ಇಷ್ಟವಾಯಿತು. ಬೀಡು, ಬಿಡಾರ, ಬಿಡದಿ ಎಲ್ಲದರಲ್ಲೂ ಇರುವುದು ‘ಬಿಡು’. ಎತ್ತು ಬಿಟ್ಟು ನಿಂತ ಜಾಗ ಕಣ್ಣ ಮುಂದೆ ಬರುತ್ತದೆ. ಟ್ರೇಲರನ್ನು ಕಾರಿನಿಂದ ಕಳಚುವುದಕ್ಕೂ ‘ಗಾಡಿ ಬಿಡು’ ಸಲ್ಲುತ್ತದೆ. ಕಾರಿಗೆ ಸೇರಿಸುವುದಕ್ಕೆ ‘ಹೂಡು’ ಅನ್ನಬಹುದೇ ಅಥವಾ ಎತ್ತಿಲ್ಲದ ಕಡೆ ಅದು ಹೊಂದುವುದಿಲ್ಲವೇ?

ಕೊನೆಯ ಪದಕ್ಕೆ ನನ್ನ ಹತ್ತಿರ ಏನೂ ಇಲ್ಲ. ಗಾಡಿ ಬಿಟ್ಟ ಮೇಲೆ ನಾಲ್ಕು ಮೂಲೆಯಲ್ಲಿ ಇಳಿಸುವ ಕಾಲುಗಳಿವೆ, ಸ್ಟೆಬಿಲೈಸರ್ ಜಾಕ್ ಅನ್ನುತ್ತಾರೆ. ಅವು ಗಾಡಿ ಅಲುಗದಂತೆ ಹಿಡಿಯಲು ಮಾತ್ರ, ಎತ್ತುವುದಕ್ಕಲ್ಲ. ‘ಜಾಕ್’ ಎಂಬ ಪದ ನೋಡಿ ಚಕ್ರ ಬಿಚ್ಚಲು ಅದರಲ್ಲೇ ಎತ್ತಲು ಹೋದರೆ ಕಾಲು ಬಾಗುತ್ತದೆ, ಗಾಡಿ ಮೈಮೇಲೆ ಬೀಳಬಹುದು. ಆನಿಕೆ, ಆಸರೆಗಾಲು, ಊರುಗಾಲು ಮೂರನ್ನೂ ಬರೆದು ಹೊಡೆದುಹಾಕಿದ್ದೇನೆ. ಎತ್ತು ಬಿಚ್ಚಿದ ಗಾಡಿಯ ಮೂಕಿ ನೆಲಕ್ಕೆ ತಾಗದಂತೆ ಕೊಡುವ ಕೋಲಿಗೆ ನಿಮ್ಮ ಕಡೆ ಏನನ್ನುತ್ತಾರೆ?