ಐರ್ಲೆಂಡಿನ ಪೀಟ್ ಜವುಗು ಕಲ್ಲುಗೋಡೆಯನ್ನೇ ಮುಚ್ಚಿದ್ದು ಹೇಗೆ?

ಡಬ್ಲಿನ್ ಅಲೆಮಾರಿ:
ಕಳೆದ ವಾರ ಮೇಯೋ ಕೌಂಟಿಯ ಕೇಜ ಫೀಲ್ಡ್ಸ್‌ಗೆ ಹೋಗಿದ್ದೆ. ಕಡಲಂಚಿನ ಗುಡ್ಡ, ಎಲ್ಲಿ ನೋಡಿದರೂ ಕಂದು ಜವುಗು. ಅದರ ಅಡಿಯಲ್ಲಿ 5,000 ವರ್ಷ ಹಳೆಯ ಹೊಲಗಳ ಕಲ್ಲುಗೋಡೆ ಇದೆಯಂತೆ. ಗೈಡ್ ಉದ್ದನೆ ಕಬ್ಬಿಣದ ಸರಳು ಕೊಟ್ಟು ಚುಚ್ಚಿ ನೋಡಿ ಅಂದರು. ಕೆಸರುಗದ್ದೆಗೆ ಗೂಟ ಇಳಿದ ಹಾಗೆ ಸರಸರ ಇಳಿಯಿತು, ಆಮೇಲೆ ಠಣ್! ಗೋಡೆ. ಇಷ್ಟು ಮಣ್ಣು ಎಲ್ಲಿಂದ ಬಂತು? ಹಿಮಯುಗ ಮುಗಿದ ಕೂಡಲೇ ಬಾಗ್ (ಇಲ್ಲಿ ಜವುಗಿಗೆ ಹಾಗನ್ನುತ್ತಾರೆ) ಆಯಿತು ಅಂತ ಓದಿದ್ದೆ. ಹಾಗಿದ್ದರೆ ಗೋಡೆಗಿಂತ ಬಾಗೇ ಹಳೆಯದಾಗಬೇಕಿತ್ತು, ಅಲ್ವಾ?

ಕಲ್ಲುಮಣ್ಣು:
ಅದು ಮಣ್ಣೇ ಅಲ್ಲ. ಅಲ್ಲೇ ಬೆಳೆದು ಅಲ್ಲೇ ಸತ್ತ ಗಿಡ, ಪೂರ್ತಿ ಕೊಳೆಯದೆ ಉಳಿದಿದ್ದು, ಅದನ್ನೇ ಪೀಟ್ ಅನ್ನೋದು. ನೀರು ನಿಂತಲ್ಲಿ ಗಾಳಿ ಹೋಗಲ್ಲ, ಕೊಳೆಸುವ ಜೀವಿಗಳಿಗೆ ಉಸಿರಿಲ್ಲ. ಜೊತೆಗೆ ಸ್ಫ್ಯಾಗ್ನಮ್ ಅನ್ನೋ ಹಾವಸೆ ಸ್ಪಂಜಿನ ಹಾಗೆ ನೀರು ಹಿಡಿದುಕೊಂಡು, ಸುತ್ತಲಿನ ನೀರನ್ನು ಹುಳಿ ಮಾಡಿಬಿಡುತ್ತದೆ. ವರ್ಷಕ್ಕೆ ಹೆಚ್ಚುಕಮ್ಮಿ 1 ಮಿ.ಮೀ. ಬೆಳೆಯುತ್ತದೆ ಅಷ್ಟೇ.

ನೀವು ಓದಿದ್ದೂ ಸರಿ, ಆದರೆ ಅದು ಬೇರೆ ಬಾಗ್. ದೇಶದ ನಡುಭಾಗದಲ್ಲಿ ಹಿಮ ಕರಗಿ ಉಳಿದ ಕೆರೆಗಳಿದ್ದವು. ಸುಮಾರು 10,000 ವರ್ಷದ ಹಿಂದಿನಿಂದ ಜೊಂಡು ಸತ್ತು ಸತ್ತು ಕೆರೆ ತುಂಬಿತು, ಮೇಲಿನ ಗಿಡಗಳಿಗೆ ನೆಲದ ನೀರು ಎಟುಕದೆ ಹೋಯಿತು, ಬರೀ ಮಳೆನೀರಲ್ಲಿ ಬದುಕುವ ಈ ಹಾವಸೆ ಬಂದು ಗುಡ್ಡದ ಹಾಗೆ ಉಬ್ಬಿಕೊಂಡಿತು. ಅದು ರೈಸ್ಡ್ ಬಾಗ್. ನೀವು ನೋಡಿದ್ದು ಬ್ಲ್ಯಾಂಕೆಟ್ ಬಾಗ್. ಅದಕ್ಕೆ ಕೆರೆ ಬೇಡ, ವರ್ಷವಿಡೀ ಮಳೆ ಬೇಕು. ಇಳಿಜಾರನ್ನೂ ಬಿಡದೆ ಕಂಬಳಿ ಹೊದ್ದಿಸುತ್ತದೆ. ಇದು ಹರಡಿದ್ದು ಸಾವಿರಾರು ವರ್ಷ ತಡವಾಗಿ.

ಹಳೇ ಕೊಡಲಿ:
ಮಳೆ ಒಂದೇ ಅಲ್ಲ ಮಾರಾಯರೇ. ಗೋಡೆ ಕಟ್ಟಿದ ಆ ರೈತರು ಪೈನ್ ಮರ ಕಡಿದರು. ನೀರು ಹೀರುವ ಮರ ಹೋಯಿತು, ಮೇಲ್ಮಣ್ಣಿನಲ್ಲಿದ್ದ ಕಬ್ಬಿಣದ ಅಂಶವನ್ನು ಮಳೆ ತೊಳೆದು ಕೆಳಗೆ ಗಟ್ಟಿ ಪದರ ಮಾಡಿತು, ನೀರು ಇಂಗದೆ ನಿಂತಿತು. ಜನ ಇಲ್ಲದ ಕಡೆಯೂ ಬಾಗ್ ಹರಡಿದೆಯಲ್ಲ ಅಂತ ವಾದ ಮಾಡುವವರೂ ಇದ್ದಾರೆ, ನಿಜವೇ. ನನಗನ್ನಿಸುವುದು, ಹೇಗೂ ಬರುವುದಿತ್ತು, ಇವರು ಬಾಗಿಲು ತೆಗೆದರು.

ಅಂದಹಾಗೆ, ಈ ಗೋಡೆ ಮೊದಲು ಕಂಡಿದ್ದು 1930ರ ದಶಕದಲ್ಲಿ, ಉರುವಲಿಗೆ ಪೀಟ್ ಕಡಿಯುತ್ತಿದ್ದ ಪ್ಯಾಟ್ರಿಕ್ ಕಾಲ್‌ಫೀಲ್ಡ್ ಎಂಬ ಶಾಲಾ ಮೇಷ್ಟ್ರಿಗೆ. ಆಮೇಲೆ ಅದನ್ನು ಅಗೆದು ಅಳೆದಿದ್ದು ಅವರ ಮಗ ಷೇಮಸ್.

ಮಲೆನಾಡಿಗ:
ಮಳೆ ಸಾಕಾದರೆ ನಮ್ಮ ಆಗುಂಬೆಯಲ್ಲಿ ಯಾಕಿಲ್ಲ?

ಕಲ್ಲುಮಣ್ಣು:
ಆಗುಂಬೆಯಲ್ಲಿ ನಾಲ್ಕು ತಿಂಗಳು ಸುರಿದು, ಬೇಸಿಗೆಯಲ್ಲಿ ಒಣಗುತ್ತದೆ. ಸೆಕೆಗೆ ಎಲೆ ಬೇಗ ಕೊಳೆಯುತ್ತದೆ. ನೀಲಗಿರಿಯ ಮೇಲೆ, ಚಳಿಯ ಕಣಿವೆಗಳಲ್ಲಿ ಪೀಟ್ ಇದೆ, ತಳದ್ದು 20,000 ವರ್ಷಕ್ಕೂ ಹಳೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಜೊತೆಗಾರರು ಅದರಲ್ಲಿರುವ ಕಾರ್ಬನ್ ನೋಡಿ, ಯಾವ ಕಾಲದಲ್ಲಿ ಅಲ್ಲಿ ಹುಲ್ಲು ಯಾವ ಬಗೆಯದಿತ್ತು, ಮಳೆ ಹೇಗಿತ್ತು ಅಂತ ಲೆಕ್ಕ ಹಾಕಿದ್ದಾರೆ.

ಡಬ್ಲಿನ್ ಅಲೆಮಾರಿ:
ಥ್ಯಾಂಕ್ಸ್. ನಾನು ಉಳಿದುಕೊಂಡಿದ್ದ ಮನೆಯಲ್ಲಿ ರಾತ್ರಿ ಒಲೆಗೆ ಪೀಟ್ ಹಾಕುತ್ತಿದ್ದರು, ಒಂದೊಂದು ತುಂಡು ಗೇಣುದ್ದ. ನಿಮ್ಮ 1 ಮಿ.ಮೀ. ಲೆಕ್ಕದಲ್ಲಿ ಒಂದು ತುಂಡಿಗೆ ಇನ್ನೂರು ವರ್ಷ ಆಯಿತು, ನಾನೇ ಮೂರು ಹಾಕಿದೆ.