ಸಹಾಯ ಬೇಕು: ಓಪನ್ ಸೋರ್ಸ್ ಹಂಚುವವರಿಗೆ ರಫ್ತು ಸೂಚನೆ ಬರೆಯೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಗಂಗಾವತಿಯ ರೈಸ್ ಮಿಲ್‌ಗಳಿಗೆ ತೂಕದ ಚೀಟಿ, ಬಿಲ್ಲು ಮಾಡುವ ತಂತ್ರಾಂಶ ಬರೆದು ಓಪನ್ ಸೋರ್ಸ್ ಆಗಿ, ಅಂದರೆ ಕೋಡ್ ಅನ್ನು ಯಾರು ಬೇಕಾದರೂ ಬಳಸಿ ಹಂಚುವಂತೆ, ಬಿಟ್ಟಿದ್ದೇವೆ. ಈಗ ದುಬೈನ ಅಕ್ಕಿ ವ್ಯಾಪಾರಿಯೊಬ್ಬರು ಅದನ್ನು ಅಲ್ಲೂ ಹಂಚುತ್ತೇನೆ ಅಂತಿದ್ದಾರೆ. ಬಿಲ್ಲಿಗೇನೂ ತೊಂದರೆ ಇಲ್ಲ. ಆದರೆ ಒಳಗೆ ಓಪನ್‌ಎಸ್‌ಎಸ್‌ಎಲ್ ಇದೆ, ಅಂದರೆ ಮಾಹಿತಿಯನ್ನು ಗೂಢಲಿಪಿಗೆ ಬದಲಿಸುವ (ಎನ್‌ಕ್ರಿಪ್ಶನ್) ತಂತ್ರಾಂಶ. ಎನ್‌ಕ್ರಿಪ್ಶನ್ ಅಂದಮೇಲೆ ರಫ್ತು ನಿಯಮವೂ ಬರುತ್ತದಲ್ವಾ? ನಮ್ಮಲ್ಲಿ ಡಿಜಿಎಫ್‌ಟಿಯ (ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ) ಸ್ಕೋಮೆಟ್ ಪಟ್ಟಿ, ಅಂದರೆ ರಫ್ತಿಗೆ ನಿಯಂತ್ರಣವಿರುವ ವಸ್ತು, ತಂತ್ರಜ್ಞಾನಗಳ ಪಟ್ಟಿ ನೋಡಬೇಕು. ಎನ್‌ಕ್ರಿಪ್ಶನ್ ಬರುವ ಅದರ 8ನೇ ವರ್ಗ ಓದಿ ತಲೆ ಕೆಟ್ಟಿದೆ.

ಗೆಳೆಯ ತಂತ್ರಾಂಶದ ಲೈಸೆನ್ಸ್‌ನಲ್ಲೇ ರಫ್ತು ನಿಯಮದ ಷರತ್ತು ಹಾಕು ಅಂತಾನೆ. ಅದು ಬೇಡ. ಓಪನ್ ಸೋರ್ಸ್ ಲೈಸೆನ್ಸ್ ಕಾನೂನಿನ ಬಗ್ಗೆ ಎಚ್ಚರಿಸಬಹುದು, ಆ ನಿರ್ಬಂಧವನ್ನು ತನ್ನೊಳಗೇ ಸೇರಿಸುವಂತಿಲ್ಲ. ಹಾಗಾಗಿ ರೀಡ್‌ಮೀಯಲ್ಲಿ (ತಂತ್ರಾಂಶದ ಜೊತೆಗಿರುವ ಪರಿಚಯ ಕಡತ) ಹೀಗೆ ಬರೆದಿದ್ದೇನೆ: "ಇದರಲ್ಲಿ ಎನ್‌ಕ್ರಿಪ್ಶನ್ ಇದೆ. ಮುಂದೆ ಹಂಚುವ ಮೊದಲು ನಿಮ್ಮ ದೇಶದ ರಫ್ತು, ಆಮದು ನಿಯಮ ನೋಡಿಕೊಳ್ಳಿ."

ಇಷ್ಟು ಸಾಕಾ? ಕೊಪ್ಪಳ, ಬಳ್ಳಾರಿ ಕಡೆ ಸ್ಕೋಮೆಟ್ ಅರ್ಜಿ ಹಾಕಿದವರಿದ್ದರೆ ದಯವಿಟ್ಟು ತಿಳಿಸಿ.